ಹರಟೆ ಸಿಸ್ಟರ್ ನಿಮ್ಮನ್ನು ನೋಡಿದರಾ?

ಬೇರೆಯವರು ತಟ್ಟಿದರೆ ತೆರೆಯದ ಬಾಗಿಲು ಅವಳು ತಟ್ಟಿದರೆ ತೆರೆಯುತ್ತಿತ್ತು. ಹಾಗಾಗಿ ಸಮೀಕ್ಷೆಯ ಕಚೇರಿಯಲ್ಲಿ ಅವಳಿಗೆ ಬಾಗಿಲಕ್ಕ ಎಂದೇ ಹೆಸರು ಬಿತ್ತು. ಇದರಲ್ಲಿ ಮಂತ್ರವೂ ಇರಲಿಲ್ಲ, ಮಾಯವೂ ಇರಲಿಲ್ಲ. ಹೊಸಿಲ ಹೊರಗೇ ನಿಂತು, ಒಲೆ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ ಬನ್ನಿ, ನಾನೇನೂ ಓಡಿಹೋಗುವುದಿಲ್ಲ ಎನ್ನುತ್ತಿದ್ದಳು. ನಮ್ಮ ಒಲೆಯ ಚಿಂತೆ ಮಾಡುವವಳು ಏನನ್ನೋ ಮಾರಲು ಬಂದವಳಾಗಿರಲಾರಳು ಎಂದು ಮನೆಯವರಿಗೆ ಅನ್ನಿಸಿಬಿಡುತ್ತಿತ್ತು. ಆಮೇಲೆ ಕುರ್ಚಿ ಬರುತ್ತಿತ್ತು, ನೀರು ಬರುತ್ತಿತ್ತು, ಅದರ ಹಿಂದೆಯೇ ಮನೆಯ ಕಥೆಯೂ ಬರುತ್ತಿತ್ತು.

ಅವಳು ಹೋಗುತ್ತಿದ್ದದ್ದು ಬಾಣಂತಿಯರ ಮನೆಗಳಿಗೆ. ಹೆರಿಗೆ ಆಯಿತೆಂದರೆ ಗಂಡಾಂತರ ಕಳೆಯಿತು ಎಂದು ಜನ ನಿಟ್ಟುಸಿರು ಬಿಡುತ್ತಾರೆ. ಆದರೆ ತಾಯಿಗೂ ಕೂಸಿಗೂ ಎಷ್ಟೋ ಕಂಟಕಗಳು ಹೊಂಚು ಹಾಕುವುದು ಆಮೇಲೆಯೇ. ತಾಯಿಗೆ ರಕ್ತ ಹೋಗುವುದು ನಿಲ್ಲದೆ ಇರಬಹುದು, ನಂಜೇರಬಹುದು; ಕೂಸು ಹಾಲು ಬಿಡಬಹುದು, ಮೈ ತಣ್ಣಗಾಗಬಹುದು. ಆ ಹೊತ್ತಿನಲ್ಲಿ ಆಸ್ಪತ್ರೆಯವರು ಇಬ್ಬರನ್ನೂ ನೋಡಿಕೊಂಡರೇ ಇಲ್ಲವೇ ಎಂದು ಮನೆ ಮನೆಗೆ ಹೋಗಿ ಕೇಳಿ, ಕೊರತೆ ಎಲ್ಲಿದೆ ಎಂದು ತೋರಿಸುವುದು ಕಚೇರಿಯ ಹೊಣೆ. ಕೇಳುವವಳು ಬಾಗಿಲಕ್ಕ, ಲೆಕ್ಕ ಹಾಕುವವರು ಕಚೇರಿಯ ಮುಖ್ಯಸ್ಥರಾದ ಪಾಯಿಂಟ್ ಸಾರ್. ಯಾವ ಸಂಖ್ಯೆ ಹೇಳಿದರೂ ಅದರ ಬಾಲಕ್ಕೊಂದು ಪಾಯಿಂಟು, ಪಾಯಿಂಟಿನ ಆಚೆ ಇನ್ನೊಂದು ಅಂಕಿ ಇರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಇಡೀ ಸಮೀಕ್ಷೆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. “ಹೆರಿಗೆಯ ನಂತರ, ಆಸ್ಪತ್ರೆಯಿಂದ ಹೊರಡುವ ಮುನ್ನ, ಯಾರಾದರೂ ನಿಮ್ಮ ಆರೋಗ್ಯದ ತಪಾಸಣೆ ಮಾಡಿದರೇ?” ಅದರ ಬೆನ್ನಿಗೇ ಕೂಸಿನ ಬಗ್ಗೆ ಅಂಥದ್ದೇ ಇನ್ನೊಂದು. ಈ ಮಾತುಗಳನ್ನು ಕಡೆದು ನಿಲ್ಲಿಸಿದವಳು ಬಾಗಿಲಕ್ಕನೇ. ‘ತಪಾಸಣೆ’ ಎಂಬ ಪದ ಮಾತ್ರ ಅವಳ ಗಂಡನದ್ದು. ಆತ ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು. ‘ನೋಡಿದರೇ’ ಎಂದು ಕೇಳಿದರೆ ಕಿಟಕಿಯಿಂದ ಇಣುಕಿ ನೋಡಿದ್ದೂ ಲೆಕ್ಕಕ್ಕೆ ಬಂದುಬಿಡುತ್ತದೆ, ತಪಾಸಣೆ ಎಂದರೆ ಮಾತಿಗೊಂದು ತೂಕ ಇರುತ್ತದೆ ಎಂದು ಊಟಕ್ಕೆ ಕೂತಾಗ ವಾದಿಸಿ ಗೆದ್ದಿದ್ದ. ಗಂಡ ಗೆಲ್ಲುವುದು ಆ ಮನೆಯಲ್ಲಿ ಅಪರೂಪ. ಆ ತೂಕ ಅವಳಿಗೂ ಹಿಡಿಸಿತ್ತು.

ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಎರಡು, ನೆಲಮಟ್ಟದಲ್ಲೊಂದು, ಮಹಡಿಯ ಮೇಲೊಂದು. ಮೊದಲ ಸುತ್ತಿನ ಉತ್ತರಗಳನ್ನು ಕೂಡಿಸಿ ನೋಡಿದಾಗ ಕೆಳಗಿನ ವಾರ್ಡಿನ ತಾಯಂದಿರು ಹೆಚ್ಚುಕಡಿಮೆ ಎಲ್ಲರೂ ತಪಾಸಣೆ ಆಯಿತು ಎಂದಿದ್ದರು. ಮಹಡಿಯ ವಾರ್ಡಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲ ಎಂದಿದ್ದರು. ಪಾಯಿಂಟ್ ಸಾರ್ ಕೂಡಿಸಿದ್ದನ್ನೇ ಮತ್ತೆ ಮತ್ತೆ ಕೂಡಿಸಿದರು; ಪಾಯಿಂಟಿನ ಆಚೆಯ ಅಂಕಿ ಕೂಡ ಅಲುಗಲಿಲ್ಲ. ಆ ಲೆಕ್ಕ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನ ಮೇಜಿಗೆ ಹೋಯಿತು.

ಮಹಡಿಯ ವಾರ್ಡಿನ ಹಿರಿಯ ನರ್ಸಿಗೆ ಊರೆಲ್ಲ ಹರಟೆ ಸಿಸ್ಟರ್ ಎನ್ನುತ್ತಿತ್ತು. ಒಂದು ಮಾತಿಗೆ ಒಂಬತ್ತು ಮಾತು ಪೋಣಿಸುವ ಹೆಂಗಸು. ದೊಡ್ಡ ಡಾಕ್ಟರಮ್ಮ ಮಿತಭಾಷಿ. ಬಾಯಿ ಆಡುವವರ ಕೈ ಆಡುವುದಿಲ್ಲ ಎಂಬ ಅನುಮಾನ ಆಕೆಗೆ ಮೊದಲಿನಿಂದಲೂ ಇತ್ತು, ಈಗ ಅದಕ್ಕೆ ಅಂಕಿಯ ಸಾಕ್ಷಿ ಸಿಕ್ಕಂತಾಯಿತು. ಸಿಸ್ಟರನ್ನು ವಾರ್ಡಿನಿಂದ ತೆಗೆದು ಔಷಧಿ ಉಗ್ರಾಣಕ್ಕೆ ಹಾಕುವುದೆಂದು ಮಾತಾಯಿತು. ಉಗ್ರಾಣದಲ್ಲಿ ಮಾತಾಡಿಸಲು ಡಬ್ಬಗಳ ಹೊರತು ಬೇರೆ ಯಾರೂ ಇಲ್ಲ.

ಮರುದಿನ ಬೆಳಗ್ಗೆ ಹರಟೆ ಸಿಸ್ಟರ್ ಸಮೀಕ್ಷೆಯ ಕಚೇರಿಗೆ ನಡೆದುಬಂದರು. ಪಾಯಿಂಟ್ ಸಾರ್ ಏಳುವ ಮೊದಲೇ ಬಾಗಿಲಕ್ಕನ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

“ನಾನು ಬಾಣಂತಿಯರನ್ನ ನೋಡೋದೇ ಇಲ್ಲ ಅಂತ ನಿಮ್ಮ ಲೆಕ್ಕ ಹೇಳುತ್ತಂತೆ. ಹಾಗಂದೋರು ಯಾರು?”

ಯಾರ ಉತ್ತರ ಯಾರದ್ದೆಂದು ಹೊರಗೆ ಬಿಡುವಂತಿಲ್ಲ, ಅದು ತಾಯಂದಿರಿಗೆ ಕೊಟ್ಟ ಮಾತು ಎಂದು ಬಾಗಿಲಕ್ಕ ಹೇಳಿದಳು. ಸಿಸ್ಟರ್ ತಲೆಯಾಡಿಸಿದರು. ಅದು ಅವರಿಗೂ ಸರಿ ಅನ್ನಿಸಿತು.

“ಹೆಸರು ನನಗೂ ಬೇಡ. ನೀವೇ ಬಂದು ನನ್ನ ವಾರ್ಡಲ್ಲಿ ಕೂತ್ಕೊಳ್ಳಿ. ನಿಮ್ಮ ಕಣ್ಣಿಗೂ ನನ್ನ ಕೆಲಸ ಕಾಣ್ಲಿಲ್ಲ ಅಂದ್ರೆ ಉಗ್ರಾಣದ ಬೀಗದಕೈ ನಾನೇ ಕೇಳಿ ಇಸ್ಕೊಳ್ತೀನಿ.”

ಇಷ್ಟು ಧೈರ್ಯವಾಗಿ ಪರೀಕ್ಷೆಗೆ ಕರೆಯುವವರನ್ನು ಕಂಡರೆ ಬಾಗಿಲಕ್ಕನಿಗೆ ಇಷ್ಟ. ಆದರೆ ಇಷ್ಟ ಬೇರೆ, ಲೆಕ್ಕ ಬೇರೆ. ಅವಳು ದೊಡ್ಡ ಡಾಕ್ಟರಮ್ಮನಿಂದ ಒಪ್ಪಿಗೆ ಪಡೆದಳು. ಒಳಗಿರುವ ಒಬ್ಬೊಬ್ಬ ತಾಯಿಯನ್ನೂ ಕೇಳಿ, ಎಲ್ಲರೂ ಹೂಂ ಅಂದ ಮೇಲೆಯೇ ಮಹಡಿಯ ವಾರ್ಡಿನ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡಳು.

ವಾರ್ಡು ಉದ್ದನೆಯ ಕೋಣೆ. ಗೋಡೆಗೆ ತಾಗಿ ಮಂಚಗಳು, ಮಂಚದ ಪಕ್ಕ ಬಟ್ಟೆ ತೊಟ್ಟಿಲುಗಳು. ಡೆಟ್ಟಾಲಿನ ವಾಸನೆಯೂ ಹಾಲಿನ ವಾಸನೆಯೂ ಬೆರೆತಿದ್ದವು. ಹರಟೆ ಸಿಸ್ಟರ್ ಬಾಗಿಲು ದಾಟುವ ಮೊದಲೇ ಅವರ ಮಾತು ಒಳಗೆ ಬಂದಿತ್ತು. ಮೊದಲ ಮಂಚದವಳ ಕೈ ಹಿಡಿದುಕೊಂಡು, ನಿನ್ನ ಗಂಡ ನಿನ್ನೆ ಹೂವಿನ ಬದಲು ಬಕೆಟ್ ತಂದಿದ್ದನಲ್ಲ, ಅವನಿಗೆ ಬುದ್ಧಿ ಇದೆ, ಬಿಡಬೇಡ ಎಂದರು. ಎರಡನೆಯವಳ ಹೊದಿಕೆ ಸರಿಮಾಡುತ್ತಾ ಅವಳ ಊಟದ ವಿಚಾರ ತೆಗೆದು ನಗಿಸಿದರು. ಇನ್ನೊಬ್ಬಳಿಗೆ ಕಣ್ಣಲ್ಲಿ ಏನೋ ಬಿದ್ದಂತಿದೆ ಎಂದು ರೆಪ್ಪೆ ಸರಿಸಿ ನೋಡಿದರು. ಕೂಸೊಂದರ ಪಾದವನ್ನು ಕೈಯಲ್ಲಿ ಹಿಡಿದು, ಇದು ಯಾರ ಕಾಲು, ಓಡೋ ಕಾಲೋ ಕೂರೋ ಕಾಲೋ ಎಂದು ಅದರ ಅಜ್ಜಿಯ ಜೊತೆ ವಾದಕ್ಕೇ ನಿಂತರು. ಹೀಗೆ ಮಂಚದಿಂದ ಮಂಚಕ್ಕೆ ಮಾತು ಹರಿಯುತ್ತಾ ಕೊನೆಯ ಗೋಡೆ ಮುಟ್ಟಿತು.

ಬಾಗಿಲಕ್ಕ ಏನನ್ನೂ ಬರೆದುಕೊಂಡಿರಲಿಲ್ಲ. ಅವಳಿಗೆ ನಗುವೂ ಬಂದಿತ್ತು, ಕನಿಕರವೂ ಬಂದಿತ್ತು. ತಪಾಸಣೆ ಯಾವಾಗ ಶುರುಮಾಡುತ್ತೀರಿ ಎಂದು ಮೆಲ್ಲಗೆ ಕೇಳಿದಳು.

“ಮುಗೀತಲ್ಲ,” ಎಂದರು ಸಿಸ್ಟರ್.

ಆಮೇಲೆ ಅವಳನ್ನು ವರಾಂಡಕ್ಕೆ ಕರೆದೊಯ್ದು ಬೆರಳು ಮಡಚುತ್ತಾ ಹೇಳಿದರು. ಬಕೆಟ್ಟಿನವಳ ಕೈ ಹಿಡಿದದ್ದು ನಾಡಿಗಾಗಿ, ನಾಡಿ ಸರಿಯಾಗಿದೆ. ಎರಡನೆಯವಳ ಹೊದಿಕೆ ಸರಿಮಾಡಿದ್ದು ರಕ್ತ ಎಷ್ಟು ಹೋಗುತ್ತಿದೆ ಎಂದು ನೋಡಲು. ಊಟದ ಮಾತು ತೆಗೆದಾಗ ಕೈ ಇದ್ದದ್ದು ಅವಳ ಕಿಬ್ಬೊಟ್ಟೆಯ ಮೇಲೆ, ಗರ್ಭಚೀಲ ಗಟ್ಟಿಯಾಗಿ ಕುಗ್ಗಿದೆ. ರೆಪ್ಪೆ ಸರಿಸಿದವಳಿಗೆ ರಕ್ತ ಕಡಿಮೆ, ಡಾಕ್ಟರಿಗೆ ಹೇಳಿ ಕಳಿಸಿದ್ದೇನೆ. ಕೂಸಿನ ಪಾದ ಸ್ವಲ್ಪ ತಣ್ಣಗಿತ್ತು, ಅದಕ್ಕೇ ಮುಂದಿನ ಮಂಚಕ್ಕೆ ಹೋಗುವಾಗ ಅಜ್ಜಿಯ ಮಡಿಲಿನಿಂದ ತೆಗೆದು ತಾಯಿಯ ಎದೆಗೆ ಹಚ್ಚಿ ಬಂದದ್ದು. ಬಾಗಿಲಕ್ಕ ಹಿಂತಿರುಗಿ ನೋಡಿದಳು. ಕೂಸು ತಾಯಿಯ ಎದೆಯ ಮೇಲೆ ಬೆಚ್ಚಗೆ ಅಂಟಿಕೊಂಡಿತ್ತು. ಎಲ್ಲವೂ ಅವಳ ಕಣ್ಣೆದುರಿಗೇ ನಡೆದಿತ್ತು, ಮಾತಿನ ಕೆಳಗೆ ಅಡಗಿ ನಡೆದಿತ್ತು.

ಇದನ್ನೆಲ್ಲ ತಾಯಂದಿರಿಗೆ ಏಕೆ ಹೇಳುವುದಿಲ್ಲ ಎಂದು ಅವಳು ಕೇಳಿದಳು. ಹೇಳಿದರೆ ಹೆದರುತ್ತಾರೆ, ಹೆದರಿದರೆ ನಾಡಿ ಓಡುತ್ತದೆ, ಆಮೇಲೆ ನನ್ನ ಲೆಕ್ಕವೇ ತಪ್ಪುತ್ತದೆ ಎಂದರು ಸಿಸ್ಟರ್. ಅವರ ಮುಖದಲ್ಲಿ ಗೆದ್ದ ಕಳೆ ಇತ್ತು. ಮಾತಿನಲ್ಲಿ ಹುರುಳಿದೆ ಅನ್ನಿಸಿದರೂ ಬಾಗಿಲಕ್ಕನಿಗೆ ಅದು ಪೂರ್ತಿ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾದರೆ ತಪಾಸಣೆ ಆಗಿಲ್ಲ ಎಂದವರನ್ನು ಇನ್ನೊಮ್ಮೆ ಬೇರೆ ರೀತಿಯಲ್ಲಿ ಕೇಳಬೇಕು ಎಂದುಕೊಂಡಳು. ಹಾಗೆ ಇಲ್ಲ ಎಂದವರಲ್ಲಿ ಒಬ್ಬಳು ಬೀಗ ರಿಪೇರಿಯವನ ಹೆಂಡತಿ; ಅವಳ ಮನೆಗೆ ಬಾಗಿಲಕ್ಕ ಮತ್ತೆ ಹೋದಳು. ಕೆಳಗೆ ಅಂಗಡಿ, ಅಂಗಡಿಯ ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ಒಂದೂವರೆ ಕೋಣೆ. ಬಾಣಂತಿ ಗೋಡೆಗೆ ಒರಗಿ ಕೂತಿದ್ದಳು, ಅತ್ತೆ ಕೂಸಿನ ಬಟ್ಟೆ ಮಡಚುತ್ತಿದ್ದರು. ಬಾಗಿಲಕ್ಕ ಕೂಸನ್ನು ಎತ್ತಿಕೊಂಡು ಕೂತಳು, ಈ ಸಲ ತಪಾಸಣೆಯ ಸುದ್ದಿಗೇ ಹೋಗಲಿಲ್ಲ. ಯಾರಾದರೂ ನಿನ್ನ ಮಣಿಕಟ್ಟು ಹಿಡಿದಿದ್ದರಾ, ಹೊಟ್ಟೆ ಒತ್ತಿದ್ದರಾ, ರಕ್ತ ಎಷ್ಟು ಹೋಗುತ್ತಿದೆ ಎಂದು ನೋಡಿದ್ದರಾ, ಹಾಲು ಕುಡಿಸುವಾಗ ಪಕ್ಕದಲ್ಲಿ ಕೂತಿದ್ದರಾ ಎಂದು ಬಿಡಿಬಿಡಿಯಾಗಿ ಕೇಳಿದಳು. ಎಲ್ಲದಕ್ಕೂ ಹೌದು ಬಂತು. ದಿನಾ ಬರುತ್ತಿದ್ದರು, ಒಳ್ಳೆ ಸಿಸ್ಟರು, ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುತ್ತಿದ್ದರು ಎಂದಳು ಬಾಣಂತಿ.

“ಮತ್ತೆ ಹೋದ ಸಲ ತಪಾಸಣೆ ಆಗಿಲ್ಲ ಅಂದ್ಯಲ್ಲಮ್ಮ?”

“ಅಯ್ಯೋ ಅಕ್ಕ, ಅದು ತಪಾಸಣೆನಾ? ಅವರು ಸುಮ್ನೆ ಮಾತಾಡಿಸ್ತಿದ್ರು. ತಪಾಸಣೆ ಅಂದ್ರೆ ಬಸ್ಸಲ್ಲಿ ಹತ್ತಿ ಟಿಕೆಟ್ ತೋರಿಸಿ ಅಂತಾರಲ್ಲ, ಆ ಥರ ಅಂದ್ಕೊಂಡೆ. ಅಂಥವರು ಯಾರೂ ಬರ್ಲಿಲ್ಲ.”

ಅತ್ತೆಗೂ ನಗು ಬಂತು. ಬಾಗಿಲಕ್ಕನಂತೂ ಕೂಸನ್ನು ಅವಚಿಕೊಂಡು ಗೋಡೆಗೊರಗಿ ನಕ್ಕಳು. ಗಂಡನ ತೂಕದ ಪದ ಖಾಕಿ ಅಂಗಿ ತೊಟ್ಟು, ಸೀಟಿ ಊದುತ್ತಾ ಬಸ್ಸು ಹತ್ತಿದ್ದು ಅವಳ ಕಣ್ಣಿಗೆ ಕಟ್ಟಿತು. ಮುಂದಿನ ಪ್ರಶ್ನೆಯ ಉತ್ತರ ಟ್ಯಾಬಿಗೆ ಹಾಕಿಕೊಳ್ಳಲು ಅವಳು ಎತ್ತಿಕೊಂಡಿದ್ದ ಕೂಸನ್ನು ತಾಯಿಗೆ ಹಿಂತಿರುಗಿಸಿದಳು. ಕೈಗೆ ಕೈ ತಾಗಿತು. ಬಾಣಂತಿಯ ಕೈ ಕಾದ ಕಾವಲಿಯಂತಿತ್ತು.

ನಗು ಅಲ್ಲಿಗೇ ನಿಂತಿತು. ಯಾವಾಗಿನಿಂದ ಹೀಗೆ ಎಂದು ಕೇಳಿದರೆ ಮೊನ್ನೆಯಿಂದ ಎಂದಳು. ಎಡಗಡೆ ಎದೆ ಕಲ್ಲಿನಂತಾಗಿ ಕೆಂಪಗಾಗಿತ್ತು, ನಿನ್ನೆ ಚಳಿಗೆ ಹಲ್ಲು ಕಟಕಟ ಎಂದಿತ್ತು. ಹಾಲು ಕಟ್ಟಿದಾಗ ಮೈ ಬಿಸಿಯಾಗುವುದು ಇದ್ದದ್ದೇ, ನಮಗೂ ಆಗಿತ್ತು ಎಂದರು ಅತ್ತೆ. ಬಾಣಂತಿ ಏನೋ ನೆನಪಾದವಳಂತೆ ಹೇಳಿದಳು, “ಯಾವ ಕಡೆ ಚೆನ್ನಾಗಿ ಕುಡೀತಾನೆ ಅಂತ ಸಿಸ್ಟರ್ ದಿನಾ ಕೇಳೋರು. ಮಾತಿಗೆ ಕೇಳ್ತಾರೆ ಅಂದ್ಕೊಂಡೆ. ಇದಕ್ಕೇ ಅಂತ ಗೊತ್ತಿದ್ರೆ ನಾನೇ ನೋಡ್ಕೋತಿದ್ದೆ.”

ಸಮೀಕ್ಷೆಗೆ ಹೋದವರು ಪ್ರಶ್ನೆ ಕೇಳಬೇಕು, ವೈದ್ಯ ಮಾಡಬಾರದು ಎಂಬುದು ನಿಯಮ. ಅಪಾಯ ಕಂಡರೆ ಪ್ರಶ್ನೆ ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕು ಎಂಬುದೂ ನಿಯಮವೇ. ಬಾಗಿಲಕ್ಕ ಟ್ಯಾಬು ಮುಚ್ಚಿ ಚೀಲಕ್ಕೆ ಹಾಕಿದಳು. ಅತ್ತೆಯ ಪಕ್ಕಕ್ಕೆ ಹೋಗಿ ಕೂತಳು.

“ಅಮ್ಮಾ, ನೀವು ಹೇಳಿದ್ದು ಸುಳ್ಳಲ್ಲ, ಮೈ ಬಿಸಿ ಆಗೋದಿದೆ. ಆದರೆ ಚಳಿ ಬಂದು ನಡುಗೋದು ಬೇರೆ. ಈಗ್ಲೇ ತೋರಿಸ್ಕೊಂಡು ಬರೋಣ. ಏನೂ ಇಲ್ಲ ಅಂದ್ರೆ ಡಾಕ್ಟ್ರು ನನ್ನ ಬಯ್ಲಿ, ನೀವೂ ಜೊತೆಗೆ ಸೇರ್ಕೊಂಡು ಬಯ್ಯಿ.”

ಅತ್ತೆ ಅವಳ ಮುಖ ನೋಡಿದರು, ಸೊಸೆಯ ಹಣೆ ಮುಟ್ಟಿದರು. ಆಮೇಲೆ ಮಡಚಿದ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು. ಮಗ ಅಂಗಡಿಯ ಅರ್ಧ ಬಾಗಿಲು ಎಳೆದು ಆಟೋ ತಂದ. ದಾರಿಯುದ್ದಕ್ಕೂ ಕೂಸು ಅಜ್ಜಿಯ ತೋಳಲ್ಲಿ ನಿದ್ದೆ ಮಾಡಿತು.

ಇನ್ನು ಸ್ವಲ್ಪ ಬಿಟ್ಟಿದ್ದರೆ ಕೀವು ಕಟ್ಟಿ ಕೊಯ್ಯಬೇಕಾಗುತ್ತಿತ್ತು, ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು. ಔಷಧಿ ಕೊಟ್ಟು ಮಹಡಿಯ ವಾರ್ಡಿಗೇ ಸೇರಿಸಿಕೊಂಡರು. ಬಾಗಿಲಕ್ಕ ಹರಟೆ ಸಿಸ್ಟರನ್ನು ವರಾಂಡದ ಕೊನೆಗೆ ಕರೆದುಕೊಂಡು ಹೋಗಿ ಬಾಣಂತಿ ಹೇಳಿದ ಮಾತನ್ನು ಇದ್ದದ್ದು ಇದ್ದಂತೆ ಹೇಳಿದಳು. ನಿಮ್ಮ ಕೆಲಸ ನನ್ನ ಪ್ರಶ್ನೆಗೆ ಕಾಣಲಿಲ್ಲ, ಅದು ನನ್ನ ಪ್ರಶ್ನೆಯ ತಪ್ಪು, ಅದನ್ನು ನಾನು ತಿದ್ದುತ್ತೇನೆ. ಆದರೆ ತಾಯಿಗೂ ಕಾಣಲಿಲ್ಲ ಎಂದರೆ ಅದು ನಿಮ್ಮ ಪಾಲಿನದ್ದು. ನೀವು ಏನು ನೋಡುತ್ತಿದ್ದೀರಿ ಎಂದು ಗೊತ್ತಾದರೆ ತಾನೇ ಮನೆಗೆ ಹೋದ ಮೇಲೆ ಅವಳೂ ಅದನ್ನೇ ನೋಡಿಕೊಳ್ಳುವುದು?

ಹರಟೆ ಸಿಸ್ಟರ್ ಸುಮ್ಮನಿದ್ದದ್ದನ್ನು ಕಂಡು ಅತ್ತ ಹೋಗುತ್ತಿದ್ದ ಆಯಾ ಗಾಬರಿಯಾಗಿ ನಿಂತಳು.

“ಅವಳ ಎಡಗಡೆ ಗಟ್ಟಿಯಾಗ್ತಿತ್ತು ಅಂತ ಅವತ್ತೇ ನನಗೆ ಗೊತ್ತಿತ್ತು,” ಎಂದರು ಕೊನೆಗೆ. “ಕೂಸಿನ ಬಾಯಿ ಸರಿಯಾಗಿ ಹಿಡಿಸಿ, ನಾನೇ ಸರಿಮಾಡಿ ಕಳಿಸ್ದೆ. ಅವಳಿಗೆ ಹೇಳ್ಕೊಡ್ಲಿಲ್ಲ. ಹೇಳ್ಬೇಕಿತ್ತು.”

ಅಂದು ಸಂಜೆಯ ಸುತ್ತಿನಲ್ಲಿ ಅವರು ಹೊಸ ರೀತಿ ಶುರುಮಾಡಿದರು. ಮೊದಲ ಮಂಚದ ಮುಂದೆ ಬೆನ್ನು ಸೆಟೆದು ನಿಂತು, ನಾನು ಈಗ ನಿನ್ನ ನಾಡಿಯನ್ನು ಪರೀಕ್ಷಿಸುತ್ತಿದ್ದೇನೆ ಎಂದು ರೇಡಿಯೋದಲ್ಲಿ ವಾರ್ತೆ ಓದುವವರಂತೆ ಅಂದರು. ಆ ತಾಯಿ ನನಗೇನಾಗಿದೆ ಸಿಸ್ಟರ್ ಎಂದು ಅಳುವುದಕ್ಕೇ ಬಂದಳು. ಬಾಗಿಲಕ್ಕ ಕಿಟಕಿಯ ಕಡೆ ತಿರುಗಿ ನಗು ನುಂಗಿದಳು. ಆದರೆ ಮೂರನೆಯ ಮಂಚಕ್ಕೆ ಹೋಗುವಷ್ಟರಲ್ಲಿ ಸಿಸ್ಟರಿಗೆ ಹದ ಸಿಕ್ಕಿತು. ನಿನ್ನ ಗಂಡನಿಗೆ ಬುದ್ಧಿ ಇದೆಯೋ ಇಲ್ಲವೋ ಆಮೇಲೆ ನೋಡೋಣ, ಮೊದಲು ನಿನ್ನ ಹೊಟ್ಟೆ ನೋಡ್ತೀನಿ. ಇಲ್ಲಿ ಮುಟ್ಟು, ಚೆಂಡಿನ ಹಾಗೆ ಗಟ್ಟಿ ಇದೆಯಲ್ಲ, ಹೀಗೇ ಇರಬೇಕು, ಮೆತ್ತಗಾಗಿ ರಕ್ತ ಹೆಚ್ಚಾದರೆ ಕೂಗು ಎಂದರು. ಬೀಗ ರಿಪೇರಿಯವನ ಹೆಂಡತಿಯ ಮಂಚದಲ್ಲಿ ಅವರು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತರು. ಅವಳ ಅತ್ತೆಯನ್ನೂ ಹತ್ತಿರ ಕರೆದು, ಕೂಸಿನ ಬಾಯಿ ಹೇಗೆ ಹಿಡಿಸಬೇಕು ಎಂದು ತೋರಿಸಿದರು.

ಬಾಗಿಲಕ್ಕ ಅಷ್ಟಕ್ಕೇ ಬಿಡಲಿಲ್ಲ. ಇಲ್ಲ ಎಂದವರ ಮಾತು ಹೀಗಾದರೆ ಹೌದು ಎಂದವರ ಮಾತು ಹೇಗೋ ಎಂಬ ಹುಳು ಅವಳ ತಲೆಗೆ ಹೊಕ್ಕಿತ್ತು. ಕೆಳಗಿನ ವಾರ್ಡಿನ ತಾಯಂದಿರ ಮನೆಗಳಿಗೂ ಹೋಗಿ ಬಿಡಿಬಿಡಿಯಾಗಿ ಕೇಳಿದಳು. ಮಣಿಕಟ್ಟು ಹಿಡಿದಿದ್ದರಾ? ಇಲ್ಲ. ಹೊಟ್ಟೆ? ಇಲ್ಲ. ಹಾಗಾದರೆ ಹೌದು ಎಂದದ್ದು ಯಾತಕ್ಕೆ? ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ವಿವರಿಸಿದಳು. ಬೆಳಗ್ಗೆ ನರ್ಸು ಬಾಗಿಲಲ್ಲಿ ನಿಂತು, ತಪಾಸಣೆ, ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದಳಂತೆ. ಎಲ್ಲರೂ ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ ಹೂಂ ಅನ್ನುತ್ತಿದ್ದರಂತೆ. ಆ ನರ್ಸನ್ನು ದೂರುವಂತೆಯೂ ಇರಲಿಲ್ಲ. ಅಷ್ಟು ದೊಡ್ಡ ವಾರ್ಡಿಗೆ ಅವಳೊಬ್ಬಳೇ, ಅವಳಿಗಿದ್ದದ್ದು ಎರಡೇ ಕೈ.

ಇದನ್ನೆಲ್ಲ ಕೇಳಿ ಪಾಯಿಂಟ್ ಸಾರ್ ತಲೆಯ ಮೇಲೆ ಕೈ ಹೊತ್ತರು. ಅರ್ಧ ದಾರಿಯಲ್ಲಿ ಅಳತೆಗೋಲು ಬದಲಾಯಿಸಿದರೆ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗುವುದು ಹೇಗೆ, ಮೇಲಿನ ಅಧಿಕಾರಿಗಳಿಗೆ ಏನೆಂದು ಬರೆಯುವುದು ಎಂದರು. ಮಾತು ಬಿಸಿಯಾಯಿತು. ಅವರು ಹೇಳುವುದರಲ್ಲಿ ನ್ಯಾಯವಿದೆ ಎಂದು ಬಾಗಿಲಕ್ಕನಿಗೂ ಗೊತ್ತಿತ್ತು.

“ಸೊಟ್ಟ ಕೋಲಲ್ಲಿ ಅಳೆದ ಬಟ್ಟೆ ತಾಳೆಯಾದ್ರೂ ಮೈಗಾಗಲ್ಲ ಸಾರ್,” ಎಂದಳು. “ಹಳೇ ಪ್ರಶ್ನೆ ಬಿಡೋದು ಬೇಡ. ಅದನ್ನೂ ಕೇಳ್ತೀನಿ, ಹೊಸದನ್ನೂ ಕೇಳ್ತೀನಿ. ಎರಡರ ನಡುವೆ ಎಷ್ಟು ಅಂತರ ಅನ್ನೋದನ್ನ ನೀವು ಲೆಕ್ಕ ಹಾಕಿ. ಬೇಕಾದ್ರೆ ಪಾಯಿಂಟ್ ಆದ್ಮೇಲೆ ಮೂರು ಅಂಕಿ ಹಾಕಿ.”

ಮೂರು ಅಂಕಿಯ ಮಾತು ಅವರ ಮನಸ್ಸನ್ನು ಮೆತ್ತಗೆ ಮಾಡಿತು ಎಂದು ಕಚೇರಿಯವರು ಆಮೇಲೆ ಆಡಿಕೊಂಡರು. ನಿಜವೆಂದರೆ ಪಾಯಿಂಟ್ ಸಾರ್ ತಪ್ಪು ಲೆಕ್ಕವನ್ನು ಗೊತ್ತಿದ್ದೂ ಮುಂದಕ್ಕೆ ದಾಟಿಸುವ ಮನುಷ್ಯನಲ್ಲ. ಮೊದಲ ಲೆಕ್ಕವನ್ನು ನಂಬಬೇಡಿ, ನಮ್ಮ ಪ್ರಶ್ನೆ ತಾಯಂದಿರಿಗೆ ಅರ್ಥವಾದದ್ದೇ ಬೇರೆ ಎಂದು ಮೇಲಿನವರಿಗೆ ಅವರೇ ಬರೆದರು. ಆ ವಾರ ಬಾಗಿಲಕ್ಕ ಗಂಡನಿಗೆ, ನಿಮ್ಮ ಪದಕ್ಕೆ ಬಸ್ಸಿನಲ್ಲಿ ಕೆಲಸ ಸಿಕ್ಕಿದೆ ಎಂದಳು. ಆತ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಹೊಸ ಪ್ರಶ್ನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಒಂದು ಅಕ್ಷರವನ್ನೂ ಮುಟ್ಟದೆ ಹಿಂದಕ್ಕೆ ಕೊಟ್ಟ.

ಹೊಸ ಸುತ್ತಿನಲ್ಲಿ ಮಹಡಿಯ ವಾರ್ಡಿನ ಅಂಕಿ ಮೇಲೇರಿತು, ಕೆಳಗಿನದ್ದು ದೊಪ್ಪನೆ ಬಿತ್ತು. ಒಟ್ಟು ಲೆಕ್ಕ ಮೊದಲಿಗಿಂತ ಇಳಿಯಿತು. ಇಳಿದ ಅಂಕಿ ನೋಡಿ ದೊಡ್ಡ ಡಾಕ್ಟರಮ್ಮ ಒಂದು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಮರುದಿನ ಅದೇ ಅಂಕಿಯನ್ನು ಕೈಯಲ್ಲಿ ಹಿಡಿದು ಮೇಲಿನವರ ಬಳಿ ಹೋಗಿ, ಕೆಳಗಿನ ವಾರ್ಡಿಗೆ ಇಬ್ಬರು ನರ್ಸುಗಳನ್ನು ಕೊಡದೆ ನಾನು ಏಳುವುದಿಲ್ಲ ಎಂದು ಕೂತರು. ಇಬ್ಬರೂ ಬಂದರು. ಅವರಿಗೆ ಕೆಲಸ ಕಲಿಸಲು ಹರಟೆ ಸಿಸ್ಟರನ್ನೇ ನೇಮಿಸಿದರು. ನನ್ನ ಅಂದಾಜು ತಪ್ಪಿತ್ತು ಎಂದು ಆಕೆ ಸಿಸ್ಟರಿಗೆ ನೇರವಾಗಿಯೇ ಹೇಳಿದರಂತೆ. ಸಿಸ್ಟರ್ ಅದನ್ನು ಇಡೀ ಆಸ್ಪತ್ರೆಗೆ ಸಾರಿದರು.

ಮಳೆಗಾಲಕ್ಕೆ ಮುಂಚೆ ಬಾಗಿಲಕ್ಕ ಕೆಳಗಿನ ವಾರ್ಡಿನಿಂದ ಹೊಸದಾಗಿ ಮನೆಗೆ ಹೋಗಿದ್ದ ಒಬ್ಬ ತಾಯಿಯ ಬಾಗಿಲು ತಟ್ಟಿದಳು. ಹುಡುಗಿಗೆ ಇದು ಚೊಚ್ಚಲು. ಅವಳ ತಂದೆ ಬಂದು ಬಾಗಿಲು ತೆರೆದು, ಕುರ್ಚಿ ಕೊಟ್ಟು, ತಾವಾಗಿಯೇ ಆಚೆಗೆ ಹೋದರು. ಬಾಗಿಲಕ್ಕ ಮೊದಲ ಪ್ರಶ್ನೆ ಕೇಳಿದಳಷ್ಟೇ. ಹುಡುಗಿ ನಾಡಿಯಿಂದ ಶುರುಮಾಡಿ, ಜ್ವರ ಎಷ್ಟಿತ್ತು, ಹೊಟ್ಟೆಯಲ್ಲಿ ಚೆಂಡು ಎಲ್ಲಿ ಸಿಗಬೇಕು, ಕೂಸು ದಿನಕ್ಕೆಷ್ಟು ಸಲ ಒದ್ದೆ ಮಾಡಬೇಕು, ಹೊಕ್ಕುಳ ಹೇಗಿದ್ದರೆ ಓಡಿಬರಬೇಕು, ಎದೆ ಗಟ್ಟಿಯಾದರೆ ಏನು ಮಾಡಬೇಕು ಎಂದು ನಿಲ್ಲಿಸದೆ ಹೇಳತೊಡಗಿದಳು. ನಡುವೆ ಕೂಸಿನ ಪಾದ ಮುಟ್ಟಿ ನೋಡಿ, ಬೆಚ್ಚಗಿದೆ ಎಂದು ತಾನೇ ತಲೆಯಾಡಿಸಿ ಮುಂದುವರಿಸಿದಳು. ಬಾಗಿಲಕ್ಕನ ಬೆರಳು ಟ್ಯಾಬಿನ ಮೇಲೆ ಹಿಂದೆ ಬಿತ್ತು.

“ಸ್ವಲ್ಪ ನಿಧಾನಕ್ಕೆ ಹೇಳಮ್ಮ,” ಎಂದಳು ಅವಳು ನಗುತ್ತಾ. “ನಾನಿನ್ನೂ ಹೊಟ್ಟೆ ಹತ್ರಾನೇ ಇದೀನಿ.”